ಆಟವೂ ಬೇಕು, ಓದೂ ಬೇಕು: ಟಿಮ್ ಡಂಕನ್ ಕಥೆ

(ಸುವರ್ಣ ಮಹೋತ್ಸವದ ಎರಡನೆಯ ದಿನದ ಕ್ರೀಡಾಗೋಷ್ಠಿಯಲ್ಲಿ, ನಿವೃತ್ತ ದೈಹಿಕ ಶಿಕ್ಷಕರೂ ಶಾಲೆಯ ಹಳೆಯ ವಿದ್ಯಾರ್ಥಿಯೂ ಆದ ಭಾಷಣಕಾರರು ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟ ವಿಷಯ "ಕ್ರೀಡೆ ಮತ್ತು ಬದುಕು". ಇಪ್ಪತ್ತೆಂಟು ವರ್ಷ ಪಿ.ಟಿ. ಮೇಷ್ಟ್ರಾಗಿ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿದ್ದೇನೆ. ಹೋದಲ್ಲೆಲ್ಲ ತಂದೆ ತಾಯಂದಿರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಒಂದು, "ಸಾರ್, ಆಟದಿಂದ ಹೊಟ್ಟೆ ತುಂಬುತ್ತಾ?" ಇನ್ನೊಂದು, "ಹತ್ತನೇ ಕ್ಲಾಸಿಗೆ ಬಂದ ಮೇಲೂ ಆಟ ಬೇಕಾ?" ಇವು ತಪ್ಪು ಪ್ರಶ್ನೆಗಳಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದ, ಭಯದಿಂದ ಬರುವ ಪ್ರಶ್ನೆಗಳು. ಅದಕ್ಕೆ ಉಪದೇಶದ ಉತ್ತರ ಕೊಡುವ ಬದಲು ಒಬ್ಬ ಆಟಗಾರರ ಕಥೆ ಹೇಳುತ್ತೇನೆ. ನಮ್ಮ ದೇಶದವರಲ್ಲ. ಕ್ರಿಕೆಟ್ಟಿನವರೂ ಅಲ್ಲ. ಹೆಸರು ಟಿಮ್ ಡಂಕನ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರು. ಎತ್ತರ ಆರು ಅಡಿ ಹನ್ನೊಂದು ಅಂಗುಲ. ನಮ್ಮ ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರರು.

ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದದ್ದೇ ಒಬ್ಬ ಪಿ.ಟಿ. ಮೇಷ್ಟ್ರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ನಮ್ಮ ಕುಲದ ಹೆಮ್ಮೆ ಅದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಚಳಿಗಾಲದಲ್ಲಿ ಒಳಾಂಗಣದಲ್ಲೇ ಹುಡುಗರನ್ನು ಆಡಿಸಲು ಒಂದು ಉಪಾಯ ಹುಡುಕುತ್ತಿದ್ದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಹೊಡೆದು, ಅದರಲ್ಲಿ ಚೆಂಡು ಹಾಕಿಸಿದರು. ಇಂದಿಗೂ ರಿಂಗಿನ ಎತ್ತರ ಅದೇ ಹತ್ತು ಅಡಿ. ಎತ್ತರದ ಆಟಗಾರನಿಗೆ ಈ ಆಟದಲ್ಲಿ ವಿಶೇಷ ಕೆಲಸವಿದೆ. ರಿಂಗಿನ ಹತ್ತಿರ ನಿಂತು ಎದುರಾಳಿಯ ಚೆಂಡು ತಡೆಯಬೇಕು, ಗುರಿ ತಪ್ಪಿ ಹಿಂದೆ ಪುಟಿಯುವ ಚೆಂಡು ಹಿಡಿಯಬೇಕು, ಮೈಗೆ ಮೈ ತಾಗುವ ನೂಕಾಟದಲ್ಲಿ ಚೆಂಡನ್ನು ಒಳಗೆ ಹಾಕಬೇಕು. ದೂರದಿಂದ ಚೆಂಡೆಸೆದು ಚಪ್ಪಾಳೆ ಪಡೆಯುವ ಕೆಲಸವಲ್ಲ ಇದು. ಮನೆಯ ಕಂಬದ ಕೆಲಸ.

ಡಂಕನ್ ಹುಟ್ಟಿದ್ದು 1976ರ ಏಪ್ರಿಲ್ 25ರಂದು, ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ಎಂಬ ಪುಟ್ಟ ದ್ವೀಪದಲ್ಲಿ. ಡೆನ್ಮಾರ್ಕಿನಿಂದ 1917ರಲ್ಲಿ ಅಮೆರಿಕ ಕೊಂಡುಕೊಂಡ ದ್ವೀಪಗಳಲ್ಲಿ ಅದೂ ಒಂದು. ತಂದೆ ವಿಲಿಯಂ ಗಾರೆ ಕೆಲಸದವರು. ತಾಯಿ ಅಯೋನಿ ಹೆರಿಗೆ ಮಾಡಿಸುವ ಸೂಲಗಿತ್ತಿ. ಆ ಮನೆಯ ಆಟ ಈಜು. ಅಕ್ಕ ಟ್ರಿಶಾ 1988ರ ಒಲಿಂಪಿಕ್ಸಿನಲ್ಲಿ ತಮ್ಮ ದ್ವೀಪದ ಪರವಾಗಿ ಈಜಿದವಳು. ಹುಡುಗ ಟಿಮ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಕ್ಕನನ್ನೂ ಮೀರಿಸುವಂತಿದ್ದ. ಅವನ ಕನಸು 1992ರ ಒಲಿಂಪಿಕ್ಸ್. ಬ್ಯಾಸ್ಕೆಟ್‌ಬಾಲ್ ಅವನ ಲೆಕ್ಕದಲ್ಲೇ ಇರಲಿಲ್ಲ.

1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಎಂಬ ಚಂಡಮಾರುತ ಆ ದ್ವೀಪವನ್ನು ಬಡಿಯಿತು. ಮನೆಗಳ ಮಾಡು ಹಾರಿದವು. ಇಡೀ ದ್ವೀಪಕ್ಕೆ ಇದ್ದ ಒಂದೇ ಒಂದು ದೊಡ್ಡ ಈಜುಕೊಳ ಹಾಳಾಯಿತು. ಕೋಚ್ ಮಕ್ಕಳನ್ನು ಸಮುದ್ರದಲ್ಲೇ ಈಜಿಸಲು ನೋಡಿದರು. ಟಿಮ್‌ಗೆ ಶಾರ್ಕ್ ಮೀನಿನ ಭಯ. ಅಭ್ಯಾಸ ನಿಂತಿತು. ಅದೇ ಹೊತ್ತಿಗೆ ತಾಯಿ ಸ್ತನ ಕ್ಯಾನ್ಸರಿನಿಂದ ನರಳುತ್ತಿದ್ದರು. 1990ರ ಏಪ್ರಿಲ್ 24ರಂದು ಅವರು ತೀರಿಕೊಂಡರು. ಮಾರನೆಯ ದಿನ ಮಗನಿಗೆ ಹದಿನಾಲ್ಕು ತುಂಬಿತು. ಆ ಹುಡುಗ ಮತ್ತೆ ಈಜಿನ ಸ್ಪರ್ಧೆಗೆ ಇಳಿಯಲಿಲ್ಲ.

ತಾಯಿ ಸಾಯುವ ಮೊದಲು ಮಕ್ಕಳಿಂದ ಒಂದು ಮಾತು ತೆಗೆದುಕೊಂಡಿದ್ದರು: ಎಲ್ಲರೂ ಕಾಲೇಜು ಓದಿ ಡಿಗ್ರಿ ಮುಗಿಸಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅಕ್ಕ ಶೆರಿಲ್ ಮತ್ತು ಅವಳ ಗಂಡ ರಿಕಿ ಲೌರಿ ಆ ದುಃಖದ ಮನೆಗೆ ಆಸರೆಯಾದರು. ಭಾವ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಅವರೇ ಹುಡುಗನನ್ನು ರಿಂಗಿನ ಮುಂದೆ ನಿಲ್ಲಿಸಿ ಕಲಿಸಿದರು. ಮಕ್ಕಳೇ, ಗಮನಿಸಿ: ಡಂಕನ್ ಈ ಆಟವನ್ನು ಗಂಭೀರವಾಗಿ ಹಿಡಿದದ್ದು ಒಂಬತ್ತನೆಯ ತರಗತಿಯಲ್ಲಿ. "ನಾವು ಚಿಕ್ಕಂದಿನಿಂದ ಆಡಿಲ್ಲ, ಈಗ ತಡವಾಯ್ತು" ಎಂದು ನೀವು ನನಗೆ ಹೇಳುತ್ತೀರಲ್ಲ, ಆ ವಯಸ್ಸಿನಲ್ಲಿ ಅವರು ಶುರುಮಾಡಿದ್ದು. ಶುರುವಿನಲ್ಲಿ ಕೈಕಾಲು ಹೊಂದುತ್ತಿರಲಿಲ್ಲ. ಆಮೇಲೆ ಉತ್ತರ ಕೆರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ ಕರೆದು ಸೀಟು ಕೊಟ್ಟಿತು. 1993ರಲ್ಲಿ ಅಲ್ಲಿ ಆಡಿದ ಮೊದಲ ಪಂದ್ಯದಲ್ಲಿ ಅವರು ಗಳಿಸಿದ್ದು ಸೊನ್ನೆ ಪಾಯಿಂಟ್.

ಎರಡು ವರ್ಷ ಕಳೆಯುವಷ್ಟರಲ್ಲಿ ಇಡೀ ಅಮೆರಿಕ ಅವರ ಕಡೆ ನೋಡುತ್ತಿತ್ತು. ಎನ್‌ಬಿಎ ಎಂಬ ವೃತ್ತಿಪರ ಲೀಗಿನಲ್ಲಿ ಹೊಸಬರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಡಂಕನ್ ಕಾಲೇಜು ಬಿಟ್ಟು ಹೆಸರು ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಆಯ್ಕೆಯಾಗುತ್ತಿದ್ದರು. ಕೋಟಿಗಟ್ಟಲೆ ಡಾಲರ್ ಕಣ್ಣ ಮುಂದೆ. ಗಾರೆ ಕೆಲಸದವರ ಮಗ. ಅವರ ವಾರಿಗೆಯವರು ಹೋದರು. ಡಂಕನ್ ಹೋಗಲಿಲ್ಲ. 1995ರಲ್ಲೂ ಹೋಗಲಿಲ್ಲ, 1996ರಲ್ಲೂ ಹೋಗಲಿಲ್ಲ. ಅಮ್ಮನಿಗೆ ಕೊಟ್ಟ ಮಾತಿತ್ತು. 1997ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ, ಆಮೇಲೆ ಡ್ರಾಫ್ಟಿಗೆ ಬಂದರು. ಮೊದಲನೆಯವರಾಗಿ ಆಯ್ಕೆಯಾದರು.

ಇದರಲ್ಲಿ ಅಪಾಯ ಇರಲಿಲ್ಲವೇ? ಇತ್ತು. ಮಂಡಿ ಒಂದು ಸಲ ಕೈಕೊಟ್ಟಿದ್ದರೆ ಆ ಹಣವೂ ಇಲ್ಲ, ಆಟವೂ ಇಲ್ಲ. ಆದರೆ ಡಿಗ್ರಿ ಇರುತ್ತಿತ್ತು. ಆ ತಾಯಿ ಕಂಡದ್ದು ಅದನ್ನೇ. ಓದು ಬಿಡಿಸಿ ಆಡಿಸಿ ಎಂದು ನಾನು ಯಾವ ತಂದೆ ತಾಯಿಗೂ ಹೇಳಿದವನಲ್ಲ. ಆಟ ಬಿಡಿಸಿ ಓದಿಸಿ ಎಂಬುದನ್ನೂ ಒಪ್ಪಿದವನಲ್ಲ. ಡಂಕನ್ ನಾಲ್ಕು ವರ್ಷ ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿದರು.

ಅವರನ್ನು ಆರಿಸಿಕೊಂಡದ್ದು ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡ. ಹಿಂದಿನ ವರ್ಷ ಆ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 20. ಡಂಕನ್ ಬಂದ ವರ್ಷ 56 ಗೆದ್ದಿತು. ಅಲ್ಲಿ ಆಗಲೇ ಡೇವಿಡ್ ರಾಬಿನ್ಸನ್ ಎಂಬ ಹಿರಿಯ ಆಟಗಾರರಿದ್ದರು. ನೌಕಾಪಡೆಯ ಅಕಾಡೆಮಿಯಲ್ಲಿ ಓದಿದವರು, ಏಳಡಿ ಎತ್ತರ, 1995ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡವರು. ಅಂಥವರ ಜಾಗಕ್ಕೆ ಇನ್ನೊಬ್ಬ ಎತ್ತರದ ಹುಡುಗ ಬಂದರೆ ಏನಾಗಬೇಕು? ಜಗಳ ಆಗಬೇಕು. ಆಗಲಿಲ್ಲ. ರಾಬಿನ್ಸನ್ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಇಬ್ಬರೂ ಸೇರಿ 1999ರಲ್ಲಿ ನ್ಯೂಯಾರ್ಕ್ ತಂಡವನ್ನು ಸೋಲಿಸಿ ಸ್ಪರ್ಸ್‌ಗೆ ಮೊದಲ ಚಾಂಪಿಯನ್ ಪಟ್ಟ ತಂದುಕೊಟ್ಟರು. ಇಲ್ಲಿ ಕೂತಿರುವ ನನ್ನ ಶಿಕ್ಷಕ ಮಿತ್ರರಿಗೆ ರಾಬಿನ್ಸನ್ ಕಥೆಯೇ ಹೆಚ್ಚು ಹತ್ತಿರವಾಗಬಹುದು.

ಡಂಕನ್ ಆಟ ನೋಡಲು ರೋಚಕವಾಗಿರಲಿಲ್ಲ ಎಂದು ಬಹಳ ಜನ ಹೇಳುತ್ತಿದ್ದರು. ಕಿರುಚುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಅವರ ಎದುರಾಳಿ ಶಕೀಲ್ ಓ'ನೀಲ್ ಅವರಿಗಿಟ್ಟ ಅಡ್ಡಹೆಸರಿನ ಅರ್ಥವೇ "ಮೂಲಪಾಠದ ಮಹಾಶಯ" ಎಂದು. ಅವರ ಮುಖ್ಯ ಅಸ್ತ್ರ ಬೋರ್ಡಿಗೆ ತಾಗಿಸಿ ಹಾಕುವ ಚೆಂಡು. ರಿಂಗಿನ ಹಿಂದಿನ ಬೋರ್ಡಿನ ಮೇಲೆ ಒಂದು ಚೌಕ ಬರೆದಿರುತ್ತದಲ್ಲ ಮಕ್ಕಳೇ, ಅದು ಅಲಂಕಾರಕ್ಕಲ್ಲ. ಪಕ್ಕದಿಂದ ಓರೆಯಾಗಿ ನಿಂತು ಆ ಚೌಕದ ಮೇಲಿನ ಮೂಲೆಗೆ ಚೆಂಡು ಮೆಲ್ಲಗೆ ತಾಗಿಸಿದರೆ, ಬೋರ್ಡು ಚೆಂಡಿನ ವೇಗ ತಿಂದು ಅದನ್ನು ರಿಂಗಿನೊಳಗೆ ಇಳಿಸುತ್ತದೆ. ಕೋನ ಸರಿಯಾಗಿರಬೇಕು, ಅಷ್ಟೆ. ಇದನ್ನು ಹೈಸ್ಕೂಲಿನಲ್ಲಿ ಎಲ್ಲರೂ ಕಲಿಯುತ್ತಾರೆ, ದೊಡ್ಡವರಾದ ಮೇಲೆ ನಾಚಿಕೆಯಿಂದ ಬಿಡುತ್ತಾರೆ. ಡಂಕನ್ ಹತ್ತೊಂಬತ್ತು ವರ್ಷ ಅದನ್ನೇ ಆಡಿದರು.

2003ರ ಫೈನಲ್ಸಿನ ಆರನೆಯ ಪಂದ್ಯದ ಲೆಕ್ಕ ಕೇಳಿ. ನ್ಯೂಜೆರ್ಸಿ ನೆಟ್ಸ್ ತಂಡದ ಎದುರು 21 ಪಾಯಿಂಟ್, 20 ರಿಬೌಂಡ್, 10 ಪಾಸ್‌ಗಳಿಂದ ಬೇರೆಯವರಿಗೆ ಬುಟ್ಟಿ, 8 ಬ್ಲಾಕ್. ಅಂದರೆ ತಾನು ಹಾಕಿದ್ದಕ್ಕೆ ಸಮನಾಗಿ ಬೇರೆಯವರಿಂದ ಹಾಕಿಸಿದ್ದು, ತಡೆದದ್ದು. ಅದು ರಾಬಿನ್ಸನ್ ಅವರ ಕೊನೆಯ ಪಂದ್ಯ. ಹಿರಿಯರನ್ನು ಪಟ್ಟದೊಂದಿಗೇ ಮನೆಗೆ ಕಳಿಸಿಕೊಟ್ಟರು. ಆಮೇಲೆ ಫ್ರಾನ್ಸಿನಿಂದ ಬಂದ ಟೋನಿ ಪಾರ್ಕರ್, ಅರ್ಜೆಂಟೀನಾದ ಮನು ಜಿನೋಬಿಲಿ ಜೊತೆಗೂಡಿ 2005, 2007ರಲ್ಲಿ ಮತ್ತೆ ಗೆದ್ದರು. ಮೊದಲಿನಿಂದ ಕೊನೆಯವರೆಗೂ ಕೋಚ್ ಒಬ್ಬರೇ, ಗ್ರೆಗ್ ಪೊಪೊವಿಚ್. ಎಲ್ಲರೆದುರು ಆ ಕೋಚ್ ಬೈಯುತ್ತಿದ್ದುದು ತಂಡದ ಅತಿ ದೊಡ್ಡ ಆಟಗಾರನನ್ನೇ. ಡಂಕನ್ ತಲೆ ತಗ್ಗಿಸಿ ಕೇಳುತ್ತಿದ್ದರು. ಅವರೇ ಕೇಳಿದ ಮೇಲೆ ಉಳಿದವರು ಎದುರಾಡುವುದು ಹೇಗೆ?

ಈಗ ಸೋಲಿನ ಕಥೆ. 2013ರಲ್ಲಿ ಡಂಕನ್‌ಗೆ 37 ವರ್ಷ. ಮಯಾಮಿ ತಂಡದ ಎದುರು ಫೈನಲ್ಸ್, ಸ್ಪರ್ಸ್ 3-2ರಿಂದ ಮುಂದೆ. ಆರನೆಯ ಪಂದ್ಯದಲ್ಲಿ 28 ಸೆಕೆಂಡು ಉಳಿದಾಗ ಐದು ಪಾಯಿಂಟ್ ಮುಂದಿದ್ದರು. ಪಟ್ಟ ಕೈಗೆ ಬಂದೇಬಿಟ್ಟಿತ್ತು. ಐದು ಸೆಕೆಂಡು ಉಳಿದಾಗ ಮಯಾಮಿಯ ರೇ ಆಲನ್ ಮೂಲೆಯಿಂದ ಎಸೆದ ಚೆಂಡು ಒಳಗೆ ಬಿದ್ದು ಸಮನಾಯಿತು, ಹೆಚ್ಚುವರಿ ಆಟದಲ್ಲಿ ಸೋತರು. ಏಳನೆಯ ಪಂದ್ಯದಲ್ಲಿ, ಕೊನೆಯ ನಿಮಿಷದಲ್ಲಿ, ಎರಡು ಪಾಯಿಂಟ್ ಹಿಂದಿದ್ದಾಗ ಡಂಕನ್ ಕೈಗೆ ರಿಂಗಿನ ಹತ್ತಿರವೇ ಚೆಂಡು ಸಿಕ್ಕಿತು. ಸಾವಿರ ಸಲ ಹಾಕಿದ ಚೆಂಡು. ತಪ್ಪಿತು. ಪುಟಿದದ್ದನ್ನು ಮತ್ತೆ ತಟ್ಟಿದರು, ಅದೂ ತಪ್ಪಿತು. ಎಂದೂ ಮುಖದಲ್ಲಿ ಏನನ್ನೂ ತೋರಿಸದ ಮನುಷ್ಯ ಎರಡೂ ಕೈಯಿಂದ ನೆಲ ಬಡಿದರು.

ಆ ವಯಸ್ಸಿನಲ್ಲಿ ಅಂಥ ಸೋಲಾದರೆ ಬೇರೆಯವರು ಮನೆ ಸೇರುತ್ತಾರೆ. ಡಂಕನ್ ಮರುವರ್ಷ ಬಂದರು. 2014ರಲ್ಲಿ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು. ಅದು ಐದನೆಯ ಪಟ್ಟ. ಆ ಫೈನಲ್ಸಿನ ಶ್ರೇಷ್ಠ ಆಟಗಾರ ಅವರಲ್ಲ, 22 ವರ್ಷದ ಕವಾಯ್ ಲೆನಾರ್ಡ್. ಹಿಂದೆ ರಾಬಿನ್ಸನ್ ತಮಗೆ ಮಾಡಿಕೊಟ್ಟ ಜಾಗವನ್ನು ಡಂಕನ್ ಈಗ ಕಿರಿಯರಿಗೆ ಮಾಡಿಕೊಟ್ಟಿದ್ದರು. ಜಾಗ ಮಾತ್ರವಲ್ಲ, ಹಣವನ್ನೂ. 2012ರಲ್ಲಿ ಹೊಸ ಕರಾರು ಬರೆಯುವಾಗ, ವರ್ಷಕ್ಕೆ 2 ಕೋಟಿ ಡಾಲರಿಗೂ ಮೇಲೆ ಪಡೆಯುತ್ತಿದ್ದವರು ಅದರ ಅರ್ಧದಷ್ಟಕ್ಕೆ ಒಪ್ಪಿಕೊಂಡರು. ಒಂದು ತಂಡಕ್ಕೆ ಸಂಬಳಕ್ಕೆಂದು ಇಷ್ಟೇ ಎಂಬ ಮಿತಿ ಆ ಲೀಗಿನಲ್ಲಿದೆ. ಒಬ್ಬರು ಕಡಿಮೆ ತೆಗೆದುಕೊಂಡರೆ ಒಳ್ಳೆಯ ಜೊತೆಗಾರರನ್ನು ಇಟ್ಟುಕೊಳ್ಳಬಹುದು.

2016ರ ಜುಲೈ 11ರಂದು ಅವರು ನಿವೃತ್ತರಾದರು. ಊರೂರು ತಿರುಗಿ ಬೀಳ್ಕೊಡುಗೆ ಮಾಡಿಸಿಕೊಳ್ಳಲಿಲ್ಲ. ತಂಡ ಒಂದು ಪ್ರಕಟಣೆ ಕೊಟ್ಟಿತು, ಅಷ್ಟೆ. ಒಂದೇ ತಂಡ, 19 ವರ್ಷ, 1,392 ಪಂದ್ಯ, 26,496 ಪಾಯಿಂಟ್, 15,091 ರಿಬೌಂಡ್, 3,020 ಬ್ಲಾಕ್. ಆ ಹತ್ತೊಂಬತ್ತು ವರ್ಷದಲ್ಲಿ ಒಂದು ವರ್ಷವೂ ತಂಡ ನಾಕೌಟ್ ಹಂತ ತಲುಪದೆ ಉಳಿಯಲಿಲ್ಲ. 2021ರಲ್ಲಿ, ಆ ಪಿ.ಟಿ. ಮೇಷ್ಟ್ರು ನೈಸ್ಮಿತ್ ಹೆಸರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು.

ಹಳೆಯ ವಿದ್ಯಾರ್ಥಿ ಮಿತ್ರರೇ, ಈ ಒಂದು ಮಾತು ನಮಗಾಗಿ. 2017ರಲ್ಲಿ ಅವರ ದ್ವೀಪಗಳಿಗೆ ಮತ್ತೆ ಚಂಡಮಾರುತ ಬಂತು, ಒಂದರ ಹಿಂದೆ ಒಂದು, ಎರಡು. ಡಂಕನ್ ಮೊದಲು ತಮ್ಮ ಕೈಯಿಂದ 2,50,000 ಡಾಲರ್ ಹಾಕಿ, ಜನರ ಮುಂದೆ ಕೈಯೊಡ್ಡಿ ಹಣ ಕೂಡಿಸಿದರು. ಯಾವತ್ತೂ ಮಾತಾಡದ ಮನುಷ್ಯ ಊರಿಗಾಗಿ ಬಾಯಿಬಿಟ್ಟು ಬೇಡಿದರು. ಆಹಾರ ಸಾಮಗ್ರಿ ತುಂಬಿಸಿಕೊಂಡು ತಾವೇ ಹೋಗಿ ಹಂಚಿದರು. ಈಜುಕೊಳ ಕಳೆದುಕೊಂಡ ಹುಡುಗನಿಗೆ ಬಿರುಗಾಳಿ ಏನನ್ನು ಕಿತ್ತುಕೊಳ್ಳುತ್ತದೆ ಎಂದು ಗೊತ್ತಿತ್ತು.

ಈಗ ಆ ಎರಡು ಪ್ರಶ್ನೆಗೆ ಬರುತ್ತೇನೆ. ಆಟದಿಂದ ಹೊಟ್ಟೆ ತುಂಬುತ್ತಾ? ನೇರವಾಗಿ ಹೇಳುತ್ತೇನೆ, ಬಹಳ ಜನಕ್ಕೆ ತುಂಬುವುದಿಲ್ಲ. ಎನ್‌ಬಿಎಯಲ್ಲಿ ಇರುವುದು 30 ತಂಡ, ತಂಡಕ್ಕೆ ಹದಿನೈದು ಜನ. ಇಡೀ ಪ್ರಪಂಚಕ್ಕೆ ಅಷ್ಟೇ ಜಾಗ. ನಿಮ್ಮ ಮಗ ಡಂಕನ್ ಆಗುತ್ತಾನೆ ಎಂದು ಹೇಳಿದರೆ ನಾನು ಮೋಸ ಮಾಡಿದಂತೆ. ಆದರೆ ಹತ್ತನೇ ಕ್ಲಾಸಿನಲ್ಲಿ ಆಟ ಬೇಕಾ ಎಂದರೆ, ಬೇಕು. ತಾಯಿ ತೀರಿಕೊಂಡ ಹದಿನಾಲ್ಕರ ಹುಡುಗನನ್ನು ಭಾವ ಎಳೆದುಕೊಂಡು ಹೋದದ್ದು ಪಾಠದ ಮನೆಗಲ್ಲ, ರಿಂಗಿನ ಕೆಳಕ್ಕೆ. ಮನೆಯಲ್ಲಿ ಕಷ್ಟವಿರುವ ಎಷ್ಟೋ ಮಕ್ಕಳು ಬಾಯಿಬಿಡದೆ ನಮ್ಮ ಮೈದಾನದಲ್ಲಿ ಓಡುತ್ತಿರುತ್ತಾರೆ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ, ವಿಜ್ಞಾನಕ್ಕೆ ಕೊಟ್ಟುಬಿಡಿ ಎಂದು ಕೇಳುವ ಮುನ್ನ ಆ ಮಕ್ಕಳನ್ನು ಒಮ್ಮೆ ನೆನೆಯಿರಿ ಎಂದು ನನ್ನ ಶಿಕ್ಷಕ ಬಂಧುಗಳಲ್ಲಿ ಬೇಡಿಕೊಳ್ಳುತ್ತೇನೆ. ಎತ್ತರ ಬೆಳೆದಳೆಂದು ನಾಚಿ ಬೆನ್ನು ಬಗ್ಗಿಸಿ ನಡೆಯುವ ಹೆಣ್ಣುಮಕ್ಕಳ ತಾಯಂದಿರಲ್ಲೂ ಒಂದು ಕೋರಿಕೆ: ಆಕೆಯನ್ನು ಆಡಲು ಬಿಡಿ. ಎತ್ತರಕ್ಕೆ ಮರ್ಯಾದೆ ಸಿಗುವ ಜಾಗವೊಂದು ನಮ್ಮ ಶಾಲೆಯ ಅಂಗಳದಲ್ಲೇ ಇದೆ.

ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಸಿಮೆಂಟು ಹಾಕಿಸಿದ್ದೀರಿ, ನೆನ್ನೆ ಉದ್ಘಾಟನೆಯೂ ಆಯಿತು. ಸಂತೋಷ. ಎರಡು ವರ್ಷದಲ್ಲಿ ಬಲೆ ಹರಿಯುತ್ತದೆ, ಬೋರ್ಡಿನ ಬಣ್ಣ ಹೋಗುತ್ತದೆ. ಕಲ್ಲಿನ ಫಲಕದ ಮೇಲೆ ಹೆಸರು ಬರೆಸಿದವರು ವರ್ಷಕ್ಕೊಮ್ಮೆ ಬಲೆ ತಂದು ಕಟ್ಟಿಸುವ ಹೊಣೆಯನ್ನೂ ಹಂಚಿಕೊಳ್ಳಿ. ಸೋಮವಾರದಿಂದ ಸಂಜೆ ನಾಲ್ಕೂವರೆಗೆ ನಾನು ಅಲ್ಲಿರುತ್ತೇನೆ. ಓದಿನ ಪುಸ್ತಕ ಚೀಲದಲ್ಲಿಟ್ಟುಕೊಂಡೇ ಬನ್ನಿ ಮಕ್ಕಳೇ. ಮೊದಲ ವಾರ ಬೋರ್ಡಿನ ಮೇಲಿನ ಆ ಚೌಕದಿಂದ ಶುರುಮಾಡೋಣ.