ಬೇಸಿಗೆಯ ಕಾಯಿಪಲ್ಯ ತೋಟ: ಶಿವರಾತ್ರಿಯಿಂದ ಯುಗಾದಿಯವರೆಗಿನ ಕೆಲಸ

(ಬನಶಂಕರಿಯಲ್ಲಿ ಸೇರಿದ್ದ ಕೈತೋಟಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎಂದು ಹೊರಟುಹೋಗುವುದೆಂದು ಹಿರಿಯರು ಹೇಳುವುದುಂಟು. ಶೀತದೇಶಗಳ ತೋಟಗಾರರು ಹಿಮವು ಕರಗುವುದನ್ನೇ ಕಾದು ಭೂಮಿಗಿಳಿಯುವ ಕಾಲವಿದು. ನಮಗಾದರೋ ಹಿಮದ ಭಯವಿಲ್ಲ, ಬಿಸಿಲಿನ ಭಯವುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಯ ಬೇಸಿಗೆಯು ತಕ್ಕಮಟ್ಟಿಗೆ ಸೌಮ್ಯವಾದುದು. ಆದರೂ ಅಶ್ವಿನಿ, ಭರಣಿ ಮಳೆಗಳು ಬರುವತನಕ ಆಕಾಶವನ್ನು ನಂಬಿ ಬೀಜ ಹಾಕುವಂತಿಲ್ಲ. ಆದಕಾರಣ ಈ ಕಾಲದ ತೋಟದ ಲೆಕ್ಕವನ್ನು ನೀರಿನಿಂದ ಆರಂಭಿಸತಕ್ಕದ್ದು.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. 2024ನೆಯ ಇಸವಿಯಲ್ಲಿ ಶಿವರಾತ್ರಿಯು ಮಾರ್ಚಿ 8ರಂದು ಬಂದಿತು. ಅದರ ಮರುದಿನವೇ ನನ್ನ ಹಿತ್ತಿಲಿನ ನಾಲ್ಕು ಮಡಿಗಳಿಗೂ ಬೀಜ ಹಾಕಿದೆನು. ಅದೇ ತಿಂಗಳಲ್ಲಿ ನಗರದಲ್ಲಿ ನೀರಿನ ಕ್ಷಾಮವು ತಲೆದೋರಿ, ಕುಡಿಯುವ ನೀರನ್ನು ತೋಟಕ್ಕೆ ಬಳಸಿದವರಿಗೆ 5000 ರೂಪಾಯಿ ದಂಡವೆಂದು ಆಜ್ಞೆಯಾಯಿತು. ನಮ್ಮ ಕೊಳವೆಬಾವಿಯೂ ಬತ್ತಿತು. ಯುಗಾದಿಯ ಹೊತ್ತಿಗೆ ಮೂರು ಮಡಿಗಳು ಒಣಗಿಹೋದವು. ಊರಿಗೆಲ್ಲ ಬುದ್ಧಿ ಹೇಳುವ ಇನ್‌ಸ್ಪೆಕ್ಟರನ ಹಿತ್ತಿಲು ಹೀಗಾಯಿತಲ್ಲಾ ಎಂದು ನಾಚಿಕೆಪಟ್ಟೆನು. ಪಕ್ಕದ ಮನೆಯ ಅಜ್ಜಿಯವರು ಮಾತ್ರ ಒಂದೇ ಮಡಿಯಲ್ಲಿ ದಂಟು ಹಾಕಿ, ಅಕ್ಕಿ ತೊಳೆದ ನೀರನ್ನೂ ಸೊಪ್ಪು ತೊಳೆದ ನೀರನ್ನೂ ಎರೆದು, ಹಬ್ಬದ ದಿನ ನಮಗೂ ಒಂದು ಕಟ್ಟು ಸೊಪ್ಪು ಕಳುಹಿಸಿದರು.

ಲೆಕ್ಕವು ಹೀಗಿದೆ. ಹತ್ತಡಿ ಉದ್ದ, ಹತ್ತಡಿ ಅಗಲದ ನೆಲದಲ್ಲಿ ಬೆಳೆ ತುಂಬಿ ನಿಂತಾಗ, ನಮ್ಮ ಬೇಸಿಗೆಯ ಬಿಸಿಲಿಗೆ ದಿನವೊಂದಕ್ಕೆ ಸುಮಾರು 5 ಮಿಲಿಮೀಟರು ನೀರು ಆರಿಹೋಗುವುದೆಂದು ಎಣಿಸಿದರೆ, ಅದು 46 ಲೀಟರಾಗುವುದು. ಅಂದರೆ ಮೂರು ನಾಲ್ಕು ಬಕೆಟ್ಟು. ನಿಮ್ಮ ಅಡಿಗೆಮನೆಯಿಂದ ದಿನಕ್ಕೆ ಎಷ್ಟು ನೀರು ಉಳಿಯುವುದೆಂದು ಒಂದು ವಾರ ಅಳೆದು ನೋಡಿರಿ. ಅಷ್ಟು ನೀರಿಗೆ ತಕ್ಕಷ್ಟೇ ನೆಲವನ್ನು ಆರಿಸಿಕೊಳ್ಳಿರಿ. ಬಟ್ಟೆ ಒಗೆದ ಸಾಬೂನುಪುಡಿಯ ನೀರನ್ನು ಸೊಪ್ಪಿಗಾಗಲಿ, ಎಳೆಯ ಸಸಿಗಾಗಲಿ ಹಾಕಕೂಡದು. ಅದರಲ್ಲಿರುವ ಸೋಡದ ಅಂಶವು ಮಣ್ಣನ್ನು ಕೆಡಿಸುವುದು.

ಎರಡನೆಯದು ನೆಲದ ವಿಚಾರ. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಹಾಕುವುದಕ್ಕೆ ಮುಂಚೆ ಈ ಭಾಗದಲ್ಲಿ ಹೊಲಗಳೂ ಕೆರೆಗಳೂ ತೋಪುಗಳೂ ಇದ್ದವು. ಬಿ. ಟಿ. ಎಂ. ಎಂಬ ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಊರುಗಳವೇ ಆಗಿವೆ. ಕೆಳಗಿರುವುದು ಒಳ್ಳೆಯ ಕೆಂಪು ಮಣ್ಣು. ಮೇಲಿರುವುದು ಬಹಳ ಕಡೆಗಳಲ್ಲಿ ಮನೆ ಕಟ್ಟಿದವರು ಬಿಟ್ಟುಹೋದ ಗಾರೆ, ಇಟ್ಟಿಗೆ ಚೂರು, ಸಿಮೆಂಟು. ಮೊದಲು ಒಂದಡಿ ಆಳ ಅಗೆದು ಇವನ್ನು ಆರಿಸಿ ತೆಗೆಯಬೇಕು. ಅಗೆದ ಮಣ್ಣನ್ನು ಒಂದು ವಾರ ಬಿಸಿಲಿಗೆ ಬಿಟ್ಟರೆ ಹುಳುಗಳ ಮೊಟ್ಟೆಗಳೂ ಕಳೆಯ ಬೇರುಗಳೂ ಒಣಗುವುವು. ಆಮೇಲೆ ನೂರು ಚದರಡಿಗೆ ಸುಮಾರು 25 ಕಿಲೋಗ್ರಾಂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಬೇಕು. ಹಸಿ ಸಗಣಿಯನ್ನು ಹಾಕುವುದು ಗೆದ್ದಲನ್ನೂ ಗೊಣ್ಣೆಹುಳುವನ್ನೂ ಮನೆಗೆ ಕರೆದಂತೆ.

ಮಳೆಗಾಲದಲ್ಲಿ ಮಡಿಯನ್ನು ಎತ್ತರಿಸುತ್ತೇವೆ; ಬೇಸಿಗೆಯಲ್ಲಿ ಅದನ್ನೇ ತಗ್ಗಿಸಬೇಕು. ನಾಲ್ಕಡಿ ಅಗಲದ ಪಾತಿಯನ್ನು ನೆಲಮಟ್ಟಕ್ಕಿಂತ ಮೂರು ನಾಲ್ಕು ಅಂಗುಲ ಕೆಳಗಿಟ್ಟು, ಸುತ್ತಲೂ ಬದು ಕಟ್ಟಿದರೆ ಎರೆದ ನೀರು ಹರಿದುಹೋಗದೆ ಬೇರಿಗೆ ಇಳಿಯುವುದು. ಈ ತಿಂಗಳುಗಳಲ್ಲಿ ಬೀದಿಯ ಹೊಂಗೆಮರಗಳು ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಬೆಂಕಿಯಿಡುವ ಕೆಟ್ಟ ಪದ್ಧತಿಯನ್ನು ದಯಮಾಡಿ ಬಿಡಿರಿ. ಸಸಿಗಳ ನಡುವೆ ಎರಡಂಗುಲ ದಪ್ಪ ಆ ಎಲೆಯನ್ನೇ ಹೊದಿಸಿದರೆ ಮಣ್ಣಿನ ತೇವವು ಬೇಗನೆ ಆರದು, ಕಳೆಯೂ ಕಡಿಮೆ, ಕೊನೆಗೆ ಗೊಬ್ಬರವೂ ಆಗುವುದು.

ಇನ್ನು ಏನು ಬಿತ್ತಬೇಕೆಂಬುದು. ಹೂಕೋಸು, ಬಟಾಣಿಗಳನ್ನು ಈಗ ಹಾಕಿದರೆ ಶ್ರಮವು ವ್ಯರ್ಥ. ಅವು ಚಳಿಯ ಬೆಳೆಗಳು. ನಾಡ ಅವರೆಯು ಹಗಲು ಕಿರಿದಾದಾಗಲೇ ಹೂ ಬಿಡತಕ್ಕದ್ದು. ಆದಕಾರಣ ಅದನ್ನೂ ಮುಂಗಾರಿನ ನಂತರಕ್ಕೆ ಇಟ್ಟುಕೊಳ್ಳಿರಿ. ಈಗ ಅನುಕೂಲವಾದವು ದಂಟು, ಬೆಂಡೆ, ಗೋರಿ, ಅಲಸಂದೆ, ಹೀರೆ, ಹಾಗಲ, ಸೌತೆಗಳು. ದಂಟಿನ ಸಣ್ಣ ಬೀಜವನ್ನು ಮರಳಿನೊಡನೆ ಕಲಸಿ ತೆಳುವಾಗಿ ಚೆಲ್ಲಿರಿ. 25–30 ದಿನಗಳಲ್ಲಿ ಸೊಪ್ಪು ಕೈಗೆ ಬರುವುದು. ಬೆಂಡೆಯ ಬೀಜವನ್ನು ರಾತ್ರಿ ನೆನೆಹಾಕಿ, ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು, ಒಂದಂಗುಲ ಆಳಕ್ಕೆ ಊರಬೇಕು. ಬೇಸಿಗೆಯಲ್ಲಿ ಬೆಂಡೆಗೆ ಬಿಳಿನೊಣದಿಂದ ಹಳದಿ ನರರೋಗವು ತಗಲುವುದುಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಅನಾಮಿಕ’ ತಳಿಯನ್ನು ಆ ರೋಗವನ್ನು ತಡೆಯುವುದಕ್ಕಾಗಿಯೇ ಸಿದ್ಧಪಡಿಸಿದ್ದಾರೆ. ಹೀರೆ, ಹಾಗಲಗಳಿಗೆ ಒಂದೂವರೆ ಅಡಿಯ ಗುಂಡಿ ತೋಡಿ, ಒಂದು ಪುಟ್ಟಿ ಗೊಬ್ಬರ ತುಂಬಿ, ಮೂರು ಬೀಜ ಊರಿ, ಎರಡು ಸಸಿ ಉಳಿಸಿರಿ. ಬದನೆ, ಟೊಮ್ಯಾಟೊಗಳನ್ನು ಈಗ ಒಟ್ಲುಪಾತಿಯಲ್ಲಿ ಬೆಳೆಸಿ, ನಾಲ್ಕು ವಾರಗಳ ತರುವಾಯ ಸಂಜೆಯ ಹೊತ್ತು ಕಿತ್ತು ನೆಡತಕ್ಕದ್ದು.

ನೀರನ್ನು ಬೆಳಗ್ಗೆ ಬಿಸಿಲೇರುವ ಮೊದಲು ಇಲ್ಲವೆ ಸಂಜೆ, ಬುಡಕ್ಕೆ ಮಾತ್ರ ಎರೆಯಿರಿ. ದಿನವೂ ಚಿಮುಕಿಸುವುದಕ್ಕಿಂತ, ಗಿಡ ಬೇರೂರಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ತುಂಬ ಎರೆಯುವುದೇ ಮೇಲು. ಬೇರು ಆಳಕ್ಕೆ ಇಳಿಯುವುದು.

ಮಹನೀಯರೇ, ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ ಯಂತ್ರಗಳ ಬಲದಿಂದ ಏರಿ ನಮ್ಮ ನಲ್ಲಿಗೆ ಬರುತ್ತದೆ. ಅದನ್ನು ಒಮ್ಮೆ ಬಳಸಿ ಚರಂಡಿಗೆ ಚೆಲ್ಲದೆ, ಎರಡನೆಯ ಸಲ ಒಂದು ಬೆಂಡೆಗಿಡಕ್ಕೆ ಉಣಿಸುವವನೇ ಈ ಊರಿನ ಜಾಣ ತೋಟಗಾರನು. ಈ ವರ್ಷ ಒಂದೇ ಮಡಿ ಹಾಕಿರಿ. ಆದರೆ ಅದನ್ನು ಮುಂಗಾರಿನವರೆಗೆ ಹಸುರಾಗಿ ಉಳಿಸಿರಿ. ಮಳೆ ಬಂದ ಮೇಲೆ ಉಳಿದ ಮೂರು ಮಡಿಗಳಿಗೆ ಕಾಲವಿದ್ದೇ ಇದೆ. ನಾನೂ ಈಗ ಹಾಗೆಯೇ ಮಾಡುತ್ತಿದ್ದೇನೆ.