ಕಲೆಯೂ ಒಂದು ಕಾಯಕ: ನಮ್ಮ ಪ್ರೌಢಶಾಲೆಗಳಲ್ಲಿ ಚಿತ್ರ, ನಾಟಕ, ಸಂಗೀತ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಇವತ್ತಿನ ಗೋಷ್ಠಿಗೆ ಕೊಟ್ಟಿರುವ ವಿಷಯ ‘ಪ್ರೌಢಶಾಲೆಯ ಮಕ್ಕಳಿಗೆ ಕಲಾ ಶಿಕ್ಷಣ’. ಇದು ಶಿಕ್ಷಣ ಇಲಾಖೆಯ ಸಭೆಯಲ್ಲಿ ಮಾತಾಡಬೇಕಾದ ವಿಷಯ, ಶಿವಾನುಭವ ಗೋಷ್ಠಿಯಲ್ಲಿ ಇದಕ್ಕೇನು ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ನಾಡಿನಲ್ಲಿ ಮಠಗಳು ನಡೆಸುವ ಶಾಲೆಗಳಿಗೆ ಲೆಕ್ಕವಿಲ್ಲ. ಅಲ್ಲಿ ಯಾವ ಪಾಠ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಇಂಥ ಸಭೆಗಳಲ್ಲಿ ಕುಳಿತಿರುವ ನಾವೇ. ಆದ್ದರಿಂದ ಈ ಮಾತನ್ನು ಇಲ್ಲೇ ಆಡಬೇಕು.

ಮೊದಲು ಶರಣರ ಕಡೆಯಿಂದಲೇ ನೋಡೋಣ. ಅನುಭವ ಮಂಟಪದಲ್ಲಿ ಯಾರಿದ್ದರು ಎಂದು ಕೇಳಿದರೆ ನಮ್ಮ ಮಕ್ಕಳು ಪಟಪಟನೆ ಹೇಳುತ್ತಾರೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಆ ಸಾಲಿನಲ್ಲಿಯೇ ಬಹುರೂಪಿ ಚೌಡಯ್ಯ ಇದ್ದ. ಹಲವು ವೇಷ ಹಾಕಿ ಜನರ ಮುಂದೆ ಆಡುವುದು ಅವನ ಕಾಯಕ. ಕಿನ್ನರಿ ನುಡಿಸುವ ಬೊಮ್ಮಯ್ಯ ಇದ್ದ, ಡಕ್ಕೆ ಬಾರಿಸುವ ಬೊಮ್ಮಣ್ಣ ಇದ್ದ, ಸಂಗೀತ ಬಲ್ಲ ಸಕಳೇಶ ಮಾದರಸ ಇದ್ದ. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆ ಇದ್ದ. ಹರಿಹರ ಕವಿಯ ರಗಳೆಯನ್ನು ಓದಿದವರಿಗೆ ಗೊತ್ತು, ಶೂನ್ಯಪೀಠದ ಮೇಲೆ ಕುಳಿತ ಅಲ್ಲಮಪ್ರಭು ಮೊದಲು ಮದ್ದಳೆ ಬಾರಿಸುವವನು.

ಇವರನ್ನು ಮನರಂಜನೆಗೆ ಕರೆಸಿರಲಿಲ್ಲ. ಹಗ್ಗ ಹೊಸೆಯುವವನಿಗೆ, ದೋಣಿ ನಡೆಸುವವನಿಗೆ ಯಾವ ಸ್ಥಾನವಿತ್ತೋ ಅದೇ ಸ್ಥಾನ ವೇಷ ಹಾಕುವವನಿಗೂ ಇತ್ತು. ಕಲೆ ಎನ್ನುವುದು ಅವರಿಗೆ ಬಿಡುವಿನ ಹೊತ್ತಿನ ಹವ್ಯಾಸವಾಗಿರಲಿಲ್ಲ, ಅದೊಂದು ಕಾಯಕ. ಕಾಯಕ ಎಂದ ಮೇಲೆ ಅದರಲ್ಲಿ ದುಡಿಮೆ ಇದೆ, ಶಿಸ್ತು ಇದೆ, ಸತ್ಯಶುದ್ಧತೆಯ ಮಾತಿದೆ, ಗಳಿಸಿದ್ದರಲ್ಲಿ ದಾಸೋಹಕ್ಕೆ ಪಾಲಿದೆ.

ಈಗ ನಮ್ಮ ಶಾಲೆಗಳಿಗೆ ಬನ್ನಿ. ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಬರೆದಿರುತ್ತದೆ. ದಸರೆ ರಜೆ ಮುಗಿಯುವ ಹೊತ್ತಿಗೆ ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿರುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಚಿತ್ರಕಲಾ ಕೊಠಡಿಯನ್ನೇ ಹತ್ತನೆಯ ತರಗತಿಯ ವಿಶೇಷ ತರಗತಿಗೆ ಬಿಟ್ಟುಕೊಡಬೇಕಾಯಿತು. ಮಕ್ಕಳ ಹಾಳೆಗಳು ಎರಡು ವರ್ಷ ಬೀರುವಿನ ಮೇಲೆ ಧೂಳು ತಿಂದವು. ಯಾರಲ್ಲೂ ಕೆಟ್ಟ ಉದ್ದೇಶವಿರಲಿಲ್ಲ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಚಿತ್ರಕ್ಕೆ, ಹಾಡಿಗೆ, ನಾಟಕಕ್ಕೆ ಒಂದಂಕವೂ ಇಲ್ಲ. ಅಂಕವಿಲ್ಲದ್ದಕ್ಕೆ ಜಾಗವಿಲ್ಲ, ಅಷ್ಟೇ.

ಸರ್ಕಾರದ ಕಾಗದಗಳು ಮಾತ್ರ ಬೇರೆ ಮಾತು ಹೇಳುತ್ತವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ, ನಾಟಕ ಈ ನಾಲ್ಕನ್ನೂ ಹತ್ತನೆಯ ತರಗತಿಯವರೆಗೆ ಕಲಿಸಬೇಕು ಎಂದಿತು. 2020ರ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡ ಎಂದಿತು. ಆ ನೀತಿಯ ಉಳಿದ ವಿಚಾರಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಅದು ಬೇರೆ ಚರ್ಚೆ. ಕಲೆಯ ಮಟ್ಟಿಗೆ ಎರಡೂ ಒಂದೇ ಮಾತು ಹೇಳಿವೆ. ಹೇಳಿದ್ದು ಕಾಗದದಲ್ಲಿ ಉಳಿದಿದೆ. ನಮ್ಮ ಮಠಗಳು ಸರ್ಕಾರಕ್ಕೆ ಕಾದು ಶಾಲೆ ತೆರೆದವಲ್ಲ. ಇದಕ್ಕೂ ಕಾಯಬೇಕಾಗಿಲ್ಲ.

ಹಾಗೆ ಕಾಯದೆ ಮಾಡಿ ತೋರಿಸಿದವರು ನಮ್ಮ ಕಣ್ಣೆದುರಿಗೇ ಇದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಹಾನಗಲ್ಲ ಕುಮಾರ ಸ್ವಾಮಿಗಳು ಸಂಗೀತ ಕಲಿಸಿದರು. ಆ ಬಾಲಕ ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಯಲ್ಲಿ ಬಸವರಾಜ ರಾಜಗುರು ತಯಾರಾದರು, ಪುಟ್ಟರಾಜ ಗವಾಯಿಗಳು ತಯಾರಾದರು. ಆಶ್ರಮದ ಮಕ್ಕಳ ಊಟಕ್ಕಾಗಿ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದ ಚರಿತ್ರೆ ಅದು. ನಾಟಕದ ಟಿಕೆಟಿನ ದುಡ್ಡು ಅನ್ನವಾಯಿತು, ಅನ್ನ ಉಂಡ ಕುರುಡ ಮಕ್ಕಳು ಹಾಡುಗಾರರಾದರು. ಕಾಯಕ, ದಾಸೋಹ ಎರಡೂ ಒಂದೇ ಕಡೆ ನೋಡಬೇಕೆಂದರೆ ಇದಕ್ಕಿಂತ ಉದಾಹರಣೆ ಬೇಕೆ?

ಎರಡನೆಯದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ಶುರುಮಾಡಿದರು. ಸಣ್ಣ ಊರಿನಿಂದ ಹೊರಟ ತಿರುಗಾಟದ ತಂಡ ವರ್ಷವರ್ಷವೂ ನಾಡು ಸುತ್ತಿ ನಾಟಕ ಆಡುತ್ತಾ ಬಂದಿದೆ. 2019ರ ಆಗಸ್ಟ್‌ನಲ್ಲಿ ನಡೆದ ‘ಮತ್ತೆ ಕಲ್ಯಾಣ’ದಲ್ಲಿ ವಿದ್ಯಾರ್ಥಿಗಳ ಜೊತೆ ಸಂವಾದ, ಸಂಜೆ ಸಾರ್ವಜನಿಕ ಸಭೆ, ಆಮೇಲೆ ನಾಟಕ ಎಂಬ ಕ್ರಮ ಇತ್ತು. ಉಪದೇಶ ಕೇಳಿ ಆಕಳಿಸುವ ವಯಸ್ಸಿನ ಮಕ್ಕಳು ನಾಟಕ ನೋಡಿ ಪ್ರಶ್ನೆ ಕೇಳುತ್ತಾರೆ. ನಮಗೆ ಬೇಕಾಗಿರುವುದು ಆ ಪ್ರಶ್ನೆ.

ಈಗ ತರಗತಿಯ ಒಳಗೆ ಏನಾಗಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಚಿತ್ರ. ನಮ್ಮ ಶಾಲೆಗಳಲ್ಲಿ ಚಿತ್ರ ಎಂದರೆ ಬೋರ್ಡಿನ ಮೇಲೆ ಶಿಕ್ಷಕರು ಬರೆದ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಒಂದು ಗುಡಿಸಲು. ಐವತ್ತು ಮಕ್ಕಳು ಐವತ್ತು ಗುಡ್ಡ ಬರೆಯುತ್ತಾರೆ, ಒಬ್ಬರೂ ಗುಡ್ಡ ನೋಡಿರುವುದಿಲ್ಲ. ಇದನ್ನು ಬಿಟ್ಟು ಮಕ್ಕಳನ್ನು ಊರೊಳಗೆ ಕಳಿಸಿ. ಚಪ್ಪಲಿ ಹೊಲಿಯುವವರ ಮುಂದೆ ಒಂದು ತಾಸು ಕುಳಿತು ಅವರ ರಂಪಿ, ಉಳಿ, ಅಡಿಗಲ್ಲುಗಳನ್ನು ನೋಡಿ ಬರೆಯಲಿ. ಬುಟ್ಟಿ ಹೆಣೆಯುವವರ ಬೆರಳು ಬರೆಯಲಿ. ಕುಂಬಾರರ ತಿಗುರಿ ಬರೆಯಲಿ. ಹೀಗೆ ನೋಡಿ ಬರೆದ ಹುಡುಗ ಹರಳಯ್ಯ, ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯ ಎಂಬ ಹೆಸರುಗಳನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕೈಯನ್ನು ಒಂದು ತಾಸು ದಿಟ್ಟಿಸಿ ನೋಡಿದವನಿಗೆ ಆ ಕೈಯನ್ನು ಕೀಳೆಂದು ಕಾಣುವುದು ಕಷ್ಟವಾಗುತ್ತದೆ.

ಬಸವಣ್ಣನವರ ಚಿತ್ರದ ಬಗ್ಗೆಯೂ ಒಂದು ಮಾತು. ಅವರ ಕಾಲದಲ್ಲಿ ಅವರನ್ನು ಕೂರಿಸಿ ಬರೆದ ಚಿತ್ರ ಯಾವುದೂ ನಮ್ಮ ಬಳಿ ಇಲ್ಲ. ಕಿರೀಟ, ಕುದುರೆ, ಆಭರಣ ಎಲ್ಲ ಆಮೇಲಿನ ಕಲಾವಿದರ ಕಲ್ಪನೆ. ಹಾಗಾದರೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೇಳೋಣ: ಅವರ ವಚನಗಳನ್ನು ಓದಿ, ನಿಮಗೆ ಕಂಡ ಬಸವಣ್ಣನನ್ನು ನೀವೇ ಬರೆಯಿರಿ. ಒಬ್ಬಳು ಭಂಡಾರದ ಲೆಕ್ಕ ಬರೆಯುತ್ತಿರುವ ಬಸವಣ್ಣನನ್ನು ಬರೆಯಬಹುದು, ಒಬ್ಬ ನೆಲದ ಮೇಲೆ ಎಲ್ಲರ ನಡುವೆ ಕುಳಿತವನನ್ನು ಬರೆಯಬಹುದು. ಆ ಹಾಳೆಗಳನ್ನು ಮಠದ ಗೋಡೆಗೆ ಹಚ್ಚೋಣ.

ಇನ್ನು ಸಂಗೀತ. ವಚನಗಳು ಹಾಡಲೆಂದೇ ಹುಟ್ಟಿದವು ಎಂದು ಹೇಳಲಾರೆ. ತನಗೆ ತಾಳಮಾನದ ಲೆಕ್ಕ ತಿಳಿಯದು ಎಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ, ತನ್ನ ದೇಹವನ್ನೇ ವಾದ್ಯ ಮಾಡಿಕೋ ಎಂದು ಬೇಡಿಕೊಂಡಿದ್ದೂ ಅವರೇ. ಮಲ್ಲಿಕಾರ್ಜುನ ಮನ್ಸೂರರು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನ ಕೇಳಿದರೆ ಮಾತಿನ ಅರ್ಥವನ್ನು ರಾಗ ನುಂಗದಂತೆ ಹಾಡುವುದು ಹೇಗೆ ಎಂದು ತಿಳಿಯುತ್ತದೆ. ಮೊದಲು ಓದು, ಆಮೇಲೆ ಅರ್ಥ, ಆಮೇಲೆ ರಾಗ. ಈ ಕ್ರಮ ತಪ್ಪಬಾರದು.

ಪ್ರೌಢಶಾಲೆಯ ಸಂಗೀತ ಶಿಕ್ಷಕರಿಗೆ ಒಂದು ಎಚ್ಚರ. ಹದಿಮೂರರಿಂದ ಹದಿನೈದರ ನಡುವೆ ಹುಡುಗರ ಧ್ವನಿ ಒಡೆಯುತ್ತದೆ. ನಿನ್ನೆಯವರೆಗೆ ಚೆಂದ ಹಾಡುತ್ತಿದ್ದವನ ಗಂಟಲು ಒಮ್ಮೆಲೇ ಗೊಗ್ಗರಾಗುತ್ತದೆ. ಆಗ ಅವನನ್ನು ಎತ್ತರದ ಸ್ವರಕ್ಕೆ ಒತ್ತಾಯಿಸಬಾರದು, ನಗುವವರನ್ನು ಬಿಡಬಾರದು, ಸಾಲಿನಿಂದ ಹೊರಗೂ ಹಾಕಬಾರದು. ಕೆಳಗಿನ ಶ್ರುತಿಯಲ್ಲಿ ಹಾಡಿಸಿ, ಇಲ್ಲವೇ ಆರು ತಿಂಗಳು ಕೈಗೆ ತಬಲವನ್ನೋ ಹಾರ್ಮೋನಿಯಂನ್ನೋ ಕೊಡಿ. ಆ ಒಂದು ವರ್ಷದಲ್ಲಿ ಹಾಡು ಬಿಟ್ಟವನು ಮತ್ತೆ ಹಾಡುವುದು ಅಪರೂಪ.

ವಾದ್ಯದ ಮಾತು ಬಂದಾಗ ಒಂದು ಕಹಿ ಸತ್ಯವನ್ನೂ ಹೇಳಬೇಕು. ನಮ್ಮ ಜಾತ್ರೆ ಹಲಗೆಯಿಲ್ಲದೆ ಹೊರಡುವುದಿಲ್ಲ. ಆದರೆ ಎಷ್ಟೋ ಊರುಗಳಲ್ಲಿ ಹಲಗೆ ಬಾರಿಸುವವರು ಮೆರವಣಿಗೆ ಮುಗಿದ ಮೇಲೆ ಹೊರಗೇ ನಿಲ್ಲುತ್ತಾರೆ. ಹಾರ್ಮೋನಿಯಂ ಮಾತ್ರ ಒಳಗೆ ಬರುತ್ತದೆ. ಅಲ್ಲಮಪ್ರಭು ಬಾರಿಸಿದ ಮದ್ದಳೆಗೂ ಚರ್ಮವನ್ನೇ ಹೊದಿಸಿತ್ತಲ್ಲವೇ? ಊರಿನ ಹಲಗೆಯ ಕಲಾವಿದರನ್ನು ವಾರಕ್ಕೊಂದು ದಿನ ಶಾಲೆಗೆ ಕರೆಯೋಣ. ಕುರ್ಚಿ ಕೊಡೋಣ, ಗೌರವಧನ ಕೊಡೋಣ. ಮಕ್ಕಳು ಅವರನ್ನು ‘ಗುರುಗಳೇ’ ಎಂದು ಕರೆಯಲಿ. ಎಲ್ಲ ಮನೆಯ ಮಕ್ಕಳೂ, ಹೆಣ್ಣುಮಕ್ಕಳೂ ಹಲಗೆ ಹಿಡಿಯಲಿ. ಸಮಾನತೆಯ ಮೇಲೆ ನಾವು ಮಾಡುವ ಹತ್ತು ಭಾಷಣಕ್ಕಿಂತ ಆ ಒಂದು ಪೆಟ್ಟು ದೂರ ಕೇಳಿಸುತ್ತದೆ.

ಕೊನೆಯದಾಗಿ ನಾಟಕ. ನಾಟಕ ನಮಗೆ ಹೊಸದೇನಲ್ಲ. ಶೂನ್ಯಸಂಪಾದನೆ ನಡೆಯುವುದೇ ಸಂವಾದದಲ್ಲಿ. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರಿಸುತ್ತಾಳೆ, ಮತ್ತೆ ಕೇಳುತ್ತಾನೆ. ರಂಗಭೂಮಿಯಲ್ಲಿಯೂ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರ ಮಾಡಿ ಹಳ್ಳಿ ಹಳ್ಳಿಗೆ ಆ ಚರಿತ್ರೆ ಮುಟ್ಟಿಸಿದರು. ಓದು ಬಾರದ ಎಷ್ಟೋ ಜನ ಕಲ್ಯಾಣವನ್ನು ಮೊದಲು ಕಂಡಿದ್ದು ಕಂಪನಿ ನಾಟಕದ ಪರದೆಯ ಮುಂದೆ.

ಶಾಲೆಯಲ್ಲಿ ನಾಟಕ ಮಾಡಿಸುವಾಗ ಒಂದು ವಿಷಯ ಗಮನಿಸಿ. ಬಸವ ಜಯಂತಿಗೆ ಪಾತ್ರ ಹಂಚುತ್ತೇವೆ. ಬಸವಣ್ಣನ ಪಾತ್ರಕ್ಕೆ ಯಾವ ಹುಡುಗನನ್ನು ಕರೆಯುತ್ತೇವೆ? ಹರಳಯ್ಯನ ಪಾತ್ರಕ್ಕೆ ಯಾರನ್ನು? ಬಣ್ಣ ನೋಡಿ, ಮನೆ ನೋಡಿ, ಅಪ್ಪನ ಹೆಸರು ನೋಡಿ ಹಂಚಿದರೆ ನಾವು ಆಡುತ್ತಿರುವುದು ಕಲ್ಯಾಣದ ನಾಟಕವಲ್ಲ, ಕಲ್ಯಾಣವನ್ನು ಕೆಡವಿದವರ ನಾಟಕ. ಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವರಿಗೆ ಗೊತ್ತಾಗುತ್ತದೆ. ಅದಕ್ಕೆ ತಾಲೀಮಿನಲ್ಲಿ ಪಾತ್ರಗಳನ್ನು ತಿರುಗಿಸಿ. ಇಂದು ಮಧುವರಸನಾದವನು ನಾಳೆ ಹರಳಯ್ಯನಾಗಲಿ, ನಾಡಿದ್ದು ಬಿಜ್ಜಳನಾಗಲಿ. ಹುಡುಗಿಯೊಬ್ಬಳು ಅಲ್ಲಮನಾಗಿ ಪ್ರಶ್ನೆ ಕೇಳಲಿ. ಮಧುವರಸ, ಹರಳಯ್ಯರ ಮಕ್ಕಳ ಮದುವೆಗೆ ಎಳೆಹೂಟೆಯ ಶಿಕ್ಷೆ ಯಾಕಾಯಿತು ಎಂದು ತಾವೇ ಆಡಿ ತಿಳಿದ ಮಕ್ಕಳು, ನಾಳೆ ಪತ್ರಿಕೆಯಲ್ಲಿ ಮರ್ಯಾದೆಗೇಡು ಹತ್ಯೆಯ ಸುದ್ದಿ ಓದಿದಾಗ ಸುಮ್ಮನೆ ಪುಟ ತಿರುವಲಾರರು.

ಪಾಲಕರು ಕೇಳುವ ಪ್ರಶ್ನೆ ನನಗೆ ಗೊತ್ತು. ‘ಸರ್, ಇದರಿಂದ ಮಾರ್ಕ್ಸ್ ಕಡಿಮೆಯಾದರೆ?’ ಅವರ ಆತಂಕ ಸುಳ್ಳಲ್ಲ. ಒಕ್ಕಲುತನದ ಮನೆಯವರಿಗೆ ಮಗಳ ಅಂಕಪಟ್ಟಿಯೇ ಆಸ್ತಿ. ಲೆಕ್ಕ ಹಾಕೋಣ. ವಾರಕ್ಕೆ 40 ನಿಮಿಷದ ಎರಡು ಅವಧಿ, ವರ್ಷಕ್ಕೆ 30 ವಾರ ಎಂದರೆ 40 ತಾಸು. ಇಡೀ ವರ್ಷದಲ್ಲಿ ಕೇವಲ 40 ತಾಸು! ಇಷ್ಟರಿಂದ ಗಣಿತ ಹಾಳಾಗುವುದಾದರೆ ತಪ್ಪು ಬೇರೆಲ್ಲೋ ಇದೆ. ಬದಲಿಗೆ ಎದ್ದು ನಿಂತು ನಾಲ್ಕು ಮಾತು ಆಡುವ ಧೈರ್ಯ, ಇನ್ನೊಬ್ಬರ ಸರದಿ ಬರುವವರೆಗೆ ಕಾಯುವ ತಾಳ್ಮೆ, ಕೈಯಿಂದ ಒಂದು ಕೆಲಸವನ್ನು ಮುಗಿಸಿದ ತೃಪ್ತಿ, ಇವು ಬೇರೆ ಯಾವ ಅವಧಿಯಲ್ಲಿ ಸಿಗುತ್ತವೆ?

ಇನ್ನೊಂದು ಉತ್ತರವೂ ಸಿದ್ಧವಿರುತ್ತದೆ: ‘ನಮ್ಮಲ್ಲಿ ಪ್ರತಿಭಾ ಕಾರಂಜಿ ನಡೆಯುತ್ತದೆಯಲ್ಲ!’ ನಡೆಯಲಿ, ಒಳ್ಳೆಯದೇ. ಆದರೆ ಸ್ಪರ್ಧೆಗೆ ಹೋಗುವವರು ಐದು ಮಂದಿ, ತರಗತಿಯಲ್ಲಿ ಇರುವವರು ಐವತ್ತು. ದಾಸೋಹದ ಪಂಕ್ತಿಯಲ್ಲಿ ಐವರಿಗೆ ಬಡಿಸಿ ನಲವತ್ತೈದು ಜನರನ್ನು ನೋಡುತ್ತಾ ಕೂರಿಸುತ್ತೇವೆಯೇ?

ಪೂಜ್ಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ನಾಲ್ಕೇ. ಒಂದು, ಎಂಟರಿಂದ ಹತ್ತನೆಯ ತರಗತಿಯವರೆಗೆ ವಾರಕ್ಕೆ ಎರಡು ಕಲಾ ಅವಧಿ ಇರಲಿ, ಅದನ್ನು ಯಾರೂ ಕಸಿದುಕೊಳ್ಳದಂತೆ ಮಂಡಳಿಯೇ ಠರಾವು ಮಾಡಲಿ. ಎರಡು, ಪ್ರತಿ ಶಾಲೆಗೂ ಮೂವರು ಶಿಕ್ಷಕರನ್ನು ಇಡುವ ಶಕ್ತಿ ಇಲ್ಲದಿದ್ದರೆ ಹತ್ತಿರದ ನಾಲ್ಕು ಶಾಲೆಗಳಿಗೆ ಸೇರಿ ಒಬ್ಬ ಸಂಗೀತ ಶಿಕ್ಷಕರು, ಒಬ್ಬ ನಾಟಕ ಶಿಕ್ಷಕರು ಇರಲಿ. ನೀನಾಸಮ್, ಸಾಣೇಹಳ್ಳಿಗಳಲ್ಲಿ ತರಬೇತಿ ಪಡೆದ ಯುವಕ ಯುವತಿಯರು ನಾಡಿನಲ್ಲಿ ಇದ್ದಾರೆ. ಮೂರು, ಊರಿನ ಜಾನಪದ ಕಲಾವಿದರು ಗೌರವದಿಂದ ಶಾಲೆಯ ಒಳಗೆ ಬರಲಿ. ನಾಲ್ಕು, ಮುಂದಿನ ಬಸವ ಜಯಂತಿಗೆ ಬಾಡಿಗೆಯ ಆರ್ಕೆಸ್ಟ್ರಾ ಬೇಡ. ಮಕ್ಕಳೇ ಬರೆದು, ಮಕ್ಕಳೇ ಬಣ್ಣ ಹಚ್ಚಿ, ಮಕ್ಕಳೇ ಹಾಡಿ ಆಡುವ ಒಂದು ನಾಟಕ ಈ ಅಂಗಳದಲ್ಲಿ ಆಗಲಿ.

ಜೂನ್ ತಿಂಗಳಲ್ಲಿ ಹೊಸ ವೇಳಾಪಟ್ಟಿ ಬರೆಯುತ್ತಾರೆ. ಅದನ್ನು ಬರೆಯುವ ಮುಖ್ಯೋಪಾಧ್ಯಾಯರು ಇಲ್ಲಿಯೇ ಕುಳಿತಿದ್ದಾರೆ. ಬಹುರೂಪಿ ಚೌಡಯ್ಯನಿಗೆ ಅನುಭವ ಮಂಟಪದಲ್ಲಿ ಜಾಗವಿತ್ತು. ಅವನಿಗೆ ನಮ್ಮ ವೇಳಾಪಟ್ಟಿಯಲ್ಲಿಯೂ ಎರಡು ಮನೆ ಬಿಟ್ಟುಕೊಡಿ ಎಂದು ಕೈಮುಗಿದು ಕೇಳುತ್ತೇನೆ.