ಕಣಗಳ ಲೆಕ್ಕಕ್ಕ ಜಿಪಿಯು ಒಂದ ಸಾಕೇನು?

ಹುಬ್ಬಳ್ಳಿಯಿಂದ ಮಾತಾಡಾಕತ್ತೀನಿ. ನಾ ಓದಿದ್ದು ಬಿ.ಕಾಂ. ಹಂಗಾಗಿ ಇವತ್ತು ಭೌತಶಾಸ್ತ್ರವನ್ನೂ ಜಮಾ-ಖರ್ಚಿನ ಕಣ್ಣಿಂದ ನೋಡೂಣು.

ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನ ಡಿಕ್ಕಿ ಹೊಡಸ್ತಾರ. ಅಲ್ಲಿಯ ಸಿಎಂಎಸ್ ಪ್ರಯೋಗದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆನೂ ಐತಿ. ಕಂಡದ್ದು ಹೊಸ ಕಣವೋ, ಹಳೇ ಕಣಗಳದ್ದೇ ಗದ್ದಲವೋ? ತಾಳೆ ನೋಡಬೇಕಂದ್ರ ಅಂಥವೇ ಕೋಟಿಗಟ್ಟಲೆ ಡಿಕ್ಕಿಗಳನ್ನ ಕಂಪ್ಯೂಟರ್‌ನಾಗೂ ನಡೆಸಬೇಕು. ಅದಕ್ಕ ಬಳಸೋದು ಜಿಯಾಂಟ್4 ಅನ್ನೋ ಸಾಫ್ಟ್‌ವೇರ್. ಒಂದೊಂದು ಕಣವನ್ನೂ ಅದು ಹೆಜ್ಜೆ ಹೆಜ್ಜೆಗೆ ಹಿಂಬಾಲಿಸುತ್ತದೆ. ಒಂದು ಡಿಕ್ಕಿಗೆ ನಿಮಿಷಗಳೇ ಹಿಡಿಯಬಹುದು.

ಗೇಮ್ ಆಡೋರಿಗೆ ಜಿಪಿಯು ಗೊತ್ತೇ ಐತಿ: ಸಾವಿರಾರು ಸಣ್ಣ ಕೋರ್. ಖಾನಾವಳ್ಯಾಗ ಹತ್ತು ಮಂದಿ ಸಾಲಾಗಿ ಕುಂತು ರೊಟ್ಟಿ ಬಡದ್ರ ಕೆಲಸ ಸರಸರ ಆಗ್ತದ. ಒಬ್ಬರಿಗೆ ರೊಟ್ಟಿ, ಒಬ್ಬರಿಗೆ ಚಪಾತಿ, ಒಬ್ಬರಿಗೆ ಹೋಳಿಗಿ ಅಂದ್ರ? ಜಿಪಿಯು ಒಳಗ ಕೋರ್‌ಗಳು ಗುಂಪಾಗಿ ಒಂದೇ ಆಜ್ಞೆ ಪಾಲಿಸ್ತಾವ. ದಾರಿ ಬೇರೆ ಆದ್ರ ಕೆಲವು ದುಡಿಯೂ ತನಕ ಉಳಿದವು ಸುಮ್ಮನ ಕೂಡಬೇಕು. ಕಣಗಳ ಹಣೆಬರಹವೂ ಹಂಗ, ಒಂದರ ದಾರಿ ಇನ್ನೊಂದಕ್ಕಿಲ್ಲ.

ಅದಕ್ಕ ಅಡೆಪ್ಟ್, ಸೆಲೆರಿಟಾಸ್ ಅನ್ನೋ ಯೋಜನೆಗಳು ಎಲೆಕ್ಟ್ರಾನ್, ಪಾಸಿಟ್ರಾನ್, ಫೋಟಾನ್‌ಗಳನ್ನ ಮೊದಲು ಜಿಪಿಯುಗೆ ಒಪ್ಪಿಸ್ಯಾವ. ಇವುಗಳ ಸಂಖ್ಯೆ ದೊಡ್ಡದು, ನಿಯಮಗಳು ಕಡಿಮಿ. ಉಳಿದ ಕಣಗಳು ಸಿಪಿಯು ಪಾಲಿಗೆ.

ಈಗ ಲೆಕ್ಕ ಹಾಕ್ರಿ. ಉದಾಹರಣೆಗೆ, 100 ನಿಮಿಷದ ಕೆಲಸದಾಗ 70 ನಿಮಿಷದ್ದು ಜಿಪಿಯುಗೆ ಹೋಯ್ತು, ಅಲ್ಲಿ 10 ಪಟ್ಟು ವೇಗ ಆಯ್ತು ಅಂತ ತಿಳಕೋರಿ. ಆ 70 ಈಗ 7. ಆದ್ರ ಉಳಿದ 30 ಹಂಗ ಐತಿ. ಒಟ್ಟು 37 ನಿಮಿಷ. ಅಂದ್ರ 10 ಪಟ್ಟಲ್ಲ, 2.7 ಪಟ್ಟು ಅಷ್ಟ! ಎಂಥಾ ತುಟ್ಟಿ ಕಾರ್ಡ್ ತಂದ್ರೂ ಆ 30 ನಿಮಿಷ ಕರಗೂದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ್ದ ಮಾತಿನ ತಿರುಳೂ ಇದ.

ಮುಂದಿನ ದಶಕದಾಗ ಸರ್ನ್‌ನ ಯಂತ್ರ ಇನ್ನೂ ಬಹಳ ಪಟ್ಟು ಡಿಕ್ಕಿ ಕೊಡಲಿದೆ. ಸಿಮ್ಯುಲೇಶನ್ ಹಿಂದೆ ಬಿದ್ರ, ಹೊಸ ಕಣ ಕಣ್ಣೆದುರಿಗೇ ಬಂದ್ರೂ ಖಾತ್ರಿ ಹೇಳಾಕ ಆಗೂದಿಲ್ಲ.

2022ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗದಾಗೂ ಜಿಪಿಯು ಅದಾವ. ಯಂತ್ರ ರೊಕ್ಕಕ್ಕ ಸಿಗ್ತದ. ಹಳೇ ಕೋಡ್ ಅದಕ್ಕ ಒಗ್ಗೂವಂಗ ತಿರುಗಿ ಬರೆಯೋ ಕೈಗಳು ಬೇಕು. ಸಿ ಪ್ಲಸ್ ಪ್ಲಸ್ ಕಲಿಯಾಕತ್ತೀರೇನು? ಜಿಯಾಂಟ್4 ಕೋಡ್ ಪುಕ್ಕಟೆ ಸಿಗ್ತದ, ಇಳಿಸಿಕೊಂಡು ಒಮ್ಮೆ ಬಿಚ್ಚಿ ನೋಡ್ರಿ. ಮತ್ತ ಸಿಗೂಣ್ರಿ.